ಪತ್ರಿಕೆ ಬಾರದ ಹತ್ತು ತಿಂಗಳು

ಗಿಜೆಲ್ಲಾ ಬರೆದ ಚರಿತ್ರೆ ಮೂರನೆಯ ಸಲವೂ ಕೆಂಪು ಗೀಟು ಹಾಕಿಸಿಕೊಂಡು ವಾಪಸು ಬಂತು. ಗೀಟು ಬಿದ್ದದ್ದು ಅದೇ ಒಂದು ವಾಕ್ಯಕ್ಕೆ: 'ಆ ಏಪ್ರಿಲಿನಿಂದ ಹತ್ತು ತಿಂಗಳು ಪತ್ರಿಕೆ ಹೊರಬರಲಿಲ್ಲ.'

ಬುಡಾಪೆಸ್ಟಿನ ಆ ಹಳೆಯ ಸಂಪ್ರದಾಯವಾದಿ ದಿನಪತ್ರಿಕೆಯ ದಾಖಲೆ ಕೋಣೆಯನ್ನು ಅವಳು ಮೂವತ್ತೊಂದು ವರ್ಷ ನೋಡಿಕೊಂಡಿದ್ದಳು. ಮಾಲೀಕ ಒಂದು ಮಂಗಳವಾರ ಬಂದು ನಾಳೆಯೇ ಕೊನೆಯ ಸಂಚಿಕೆ ಎಂದ. ಬುಧವಾರ ಬೀಗ ಬಿತ್ತು. ಹತ್ತು ತಿಂಗಳು ಕಳೆದ ಮೇಲೆ ಬೇರೆ ಪತ್ರಿಕೆಯವರು ಆ ಹೆಸರನ್ನು ಎತ್ತಿ ತಮ್ಮ ಪತ್ರಿಕೆಯ ನೆತ್ತಿಯ ಮೇಲಿಟ್ಟುಕೊಂಡರು, ಏನೂ ಆಗಿಲ್ಲವೆಂಬಂತೆ. ಈಗ ಅವರಿಗೆ ಎಂಬತ್ತೈದರ ಸಂಭ್ರಮದ ಪುರವಣಿ. ಚರಿತ್ರೆ ಬರೆಯಲು ಹಳಬರಲ್ಲಿ ಸಿಕ್ಕವಳು ಇವಳೊಬ್ಬಳೇ.

ಇವಳು ಒಪ್ಪಿಕೊಂಡದ್ದು ವೆಂಡೆಲನಿಗಾಗಿ. ಕರಡು ತಿದ್ದುತ್ತಿದ್ದ ವೆಂಡೆಲ್, ಹಿಂದಿನ ಪುಟದ ಮರಣವಾರ್ತೆಗಳಲ್ಲಿ ಯಾರ ಹೆಸರೂ ತಪ್ಪದಂತೆ ಜಪದ ಹಾಗೆ ತುಟಿಯಾಡಿಸಿ ಓದುತ್ತಿದ್ದವನು, ಬೀಗ ಬಿದ್ದ ವರ್ಷವೇ ತೀರಿಕೊಂಡಿದ್ದ. ಊರಿನ ಸತ್ತವರ ಹೆಸರನ್ನೆಲ್ಲ ಕಾಯ್ದವನಿಗೆ ಆರು ಸಾಲಿನ ಜಾಗ ಸಿಗಲಿಲ್ಲ, ಪುಟವೇ ಇರಲಿಲ್ಲ. ಯಾಕೆ ಇರಲಿಲ್ಲ ಎಂಬುದಾದರೂ ಅಚ್ಚಾಗಬೇಕು, ಅಷ್ಟೇ ಅವಳ ಹಟ.

ಪುರವಣಿಯ ಸಂಪಾದಕ ಕೊರ್ನೇಲನಿಗೆ ಫೋನ್ ಮಾಡಿದಳು. ಅವನು ಅವಳನ್ನು ನೇನಿ, ಅಂದರೆ ಅತ್ತೆ, ಎಂದೇ ಕರೆಯುತ್ತಿದ್ದ.

"ಮತ್ತೆ ಇದೇನಪ್ಪಾ?"

"ಗಿಜೆಲ್ಲಾ ನೇನಿ, ಹಬ್ಬದ ಮನೇಲಿ ಯಾರಾದ್ರೂ ಅಳ್ತಾರಾ? 'ಒಂದು ದಿನವೂ ನಿಲ್ಲದ ದನಿ' ಅಂತ ಮುಖಪುಟಕ್ಕೆ ಹಾಕಿ ಆಗಿದೆ."

"ಯುದ್ಧದಲ್ಲಿ ಜರ್ಮನ್ನರು ಬೀಗ ಹಾಕಿದ್ದನ್ನ ಹಾಗೇ ಬಿಟ್ಟಿದ್ದೀಯಲ್ಲೋ! ಅದಕ್ಕೆ ಫೋಟೋ ಬೇರೆ ಕೇಳ್ದೆ!"

"ಅದು ಚರಿತ್ರೆ, ನೇನಿ."

"ಇದು?"

"ಇದು... ಆಡಳಿತದ ವಿಚಾರ."

"ಹತ್ತು ತಿಂಗಳು! ನಿಮ್ಮಮ್ಮ ನಿನ್ನನ್ನ ಅದಕ್ಕಿಂತ ಕಡಿಮೆ ದಿನ ಹೊತ್ತಿದ್ದು ಕಣೋ. ಎಷ್ಟು ಉದ್ದ ಇತ್ತು ಅಂತ ಹೋಗಿ ಕೇಳು."

ಕೊರ್ನೇಲ್ ನಕ್ಕುಬಿಟ್ಟ. "ಅಷ್ಟು ಆಸೆ ಇದ್ರೆ ಮರಣವಾರ್ತೆ ಅಂತ ಹಿಂದಿನ ಪುಟಕ್ಕೆ ಕೊಡಿ. ಅಲ್ಲಿ ಮನೆಯವರು ಬರೆದದ್ದನ್ನ ಯಾರೂ ಮುಟ್ಟಲ್ಲ."

ಮುಟ್ಟುವುದಿಲ್ಲ, ನಿಜ. ಕಮ್ಯುನಿಸ್ಟ್ ಪಾರ್ಟಿಯ ಕಾಲದಲ್ಲೂ ಮುಟ್ಟಿರಲಿಲ್ಲ. ಗಿಜೆಲ್ಲಾ ಚರಿತ್ರೆಯಿಂದ ತನ್ನ ಹೆಸರು ತೆಗೆಸಿ, ವೆಂಡೆಲನ ಅಕ್ಕನ ಮನೆಗೆ ಹೋದಳು. ಮನೆಯವರ ಸಹಿ ಬೇಕಲ್ಲ.

ಅಕ್ಕ ಎಟೆಲ್ಕಾ ಗಸಗಸೆ ಸುರುಳಿಗೆ ಹಿಟ್ಟು ನಾದುತ್ತಿದ್ದಳು.

"ಆ ಪೇಪರಿಗಾ? ಅದರಲ್ಲಿ ನಾನು ಆಲೂಗೆಡ್ಡೆ ಸಿಪ್ಪೆನೂ ಸುತ್ತಲ್ಲ."

"ಸುತ್ತಬೇಡ ಮಾರಾಯ್ತಿ. ಸಹಿ ಹಾಕು."

"ಸತ್ತು ಇಷ್ಟು ವರ್ಷ ಆದ್ಮೇಲೆ ಹಾಕಿಸಿದ್ರೆ ಜನ ನಗಲ್ವಾ?"

"ನಗಲಿ. ಅವನೇನು ನಾಚ್ಕೋತಾನಾ?"

ಗಿಜೆಲ್ಲಾ ಬರೆದು ತಂದಿದ್ದ ಚೀಟಿಯನ್ನು ಎಟೆಲ್ಕಾ ದೂರ ಹಿಡಿದು ಓದಿದಳು. 'ಸೊಮ್ಲಾಯ್ ವೆಂಡೆಲ್, ಈ ಪತ್ರಿಕೆಯ ಕರಡು ತಿದ್ದಿದವನು. ಈ ಪತ್ರಿಕೆ ಹೊರಬಾರದಿದ್ದ ಹತ್ತು ತಿಂಗಳಲ್ಲಿ, ನವೆಂಬರ್ ಹದಿನಾಲ್ಕರಂದು ತೀರಿಕೊಂಡ. ಅಂದು ತಿಳಿಸಲು ಜಾಗವಿರಲಿಲ್ಲ. ಇಂದು ತಿಳಿಸುತ್ತಿದ್ದೇವೆ.'

"ಒಳ್ಳೆಯವನು ಅಂತ ಒಂದು ಮಾತು ಇಲ್ವಲ್ಲೇ, ಜಿಪುಣಿ!"

"ಸೇರಿಸ್ತೀನಿ. ಹಾಕು ಮೊದಲು."

ಹಿಟ್ಟಿನ ಕೈಯಲ್ಲೇ ಸಹಿ ಬಿತ್ತು.

ಪುರವಣಿ ಬಂದದ್ದು, ಊರೆಲ್ಲ ತಮ್ಮವರ ಸಮಾಧಿಗೆ ಹೂವಿಡುವ ಸಕಲ ಸಂತರ ಹಬ್ಬದ ಹಿಂದಿನ ದಿನ. ಆ ದಿನ ಓದುಗರು ಪತ್ರಿಕೆ ತೆರೆಯುವುದೇ ಹಿಂದಿನಿಂದ, ತಮ್ಮವರ ಸ್ಮರಣೆ ಎಲ್ಲಿದೆ ಎಂದು ಹುಡುಕುತ್ತ. ಮುಖಪುಟದಲ್ಲಿ ನಿಲ್ಲದ ದನಿ. ಹಿಂದಿನ ಪುಟದಲ್ಲಿ, ಒಂದಕ್ಷರ ಅಲುಗದೆ, ವೆಂಡೆಲ್ ಎಂಬ ಒಳ್ಳೆಯವನು.

ಮಧ್ಯಾಹ್ನದೊಳಗೆ ಫೋನ್ ಬಂತು.

"ಏನ್ ನೇನಿ ಇದು! ಬೆಳಗ್ಗೆಯಿಂದ ಜನ ಫೋನ್ ಮಾಡಿ ಮಾಡಿ ಪ್ರಾಣ ತಿಂತಿದ್ದಾರೆ. ಮುಂದಿನ ಪುಟ ನಂಬೋದಾ, ಹಿಂದಿನದಾ ಅಂತಾರೆ!"

"ನೀನೇನಂದೆ?"



"ಸತ್ತವರ ವಿಷಯ ಸುಳ್ಳು ಅನ್ನಕ್ಕಾಗುತ್ತಾ? ಹತ್ತು ತಿಂಗಳು ಬರಲಿಲ್ಲ ಅಂದೆ. ನಲವತ್ತು ಜನಕ್ಕೆ ಹೇಳಿದೆ. ಗಂಟಲು ಬಿದ್ದುಹೋಯ್ತು!"

"ಬಿಸಿ ಟೀಗೆ ಜೇನು ಹಾಕ್ಕೊಂಡು ಕುಡಿ," ಎಂದು ಗಿಜೆಲ್ಲಾ ಫೋನಿಟ್ಟು, ಸೇವಂತಿಗೆ ಕೊಳ್ಳಲು ಹೊರಟಳು. ಹೊತ್ತಾದರೆ ಸ್ಮಶಾನದ ಟ್ರಾಮಿನಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.