ತಪ್ಪಿಗೆ ಅಂಕ ಕೊಟ್ಟ ಮೇಡಂ

ಸರಿಯುತ್ತರ ಕೇಳಿ ಸಂತೋಷಪಡುವ ಅಧ್ಯಾಪಕರನ್ನು ನಾವೆಲ್ಲ ಕಂಡಿದ್ದೇವೆ, ತಪ್ಪುತ್ತರ ಕಿವಿಗೆ ಬಿದ್ದೊಡನೆ ಮುಖವೆಲ್ಲ ಅರಳಿ, ಕೆಂಪು ಪೆನ್ಸಿಲನ್ನು ಮೇಜಿನ ಮೇಲೆ ಟಕ್ಕೆಂದು ಕುಟ್ಟಿ, "ಭೇಷ್, ತಪ್ಪು!" ಎಂದು ಕೂಗುವವರನ್ನು ನಾನು ಕಂಡದ್ದು ಒಮ್ಮೆ ಮಾತ್ರ, ಬೀಗದ ಅಂಗಡಿಯ ಮಹಡಿಯ ಮೇಲಿನ ಕೋಣೆಯೊಂದರಲ್ಲಿ. ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾಗಿದ್ದ ಅವರನ್ನು ಆ ಬೀದಿಯೆಲ್ಲ ಮೇಡಂ ಎಂದೇ ಕರೆಯುತ್ತಿತ್ತು. ಈಗ ಅವರ ಬಳಿಗೆ ಬರುತ್ತಿದ್ದವರು ಮಕ್ಕಳಲ್ಲ. ಗಂಡ ಒಂದು ದೇಶದವನಾಗಿ, ಹೆಂಡತಿ ಇನ್ನೊಂದು ದೇಶದವಳಾಗಿ, ಒಂದೇ ಸೂರಿನಡಿ ಬಾಳುವುದಕ್ಕೆ ವಲಸೆ ಕಚೇರಿಯ ಅಪ್ಪಣೆಗಾಗಿ ಕಾದು ಕಾದು ಬಸವಳಿದ ದಂಪತಿಗಳು.

ಅವರ ನಡಿಗೆಯೇ ಅವರ ಪೂರ್ವಾಶ್ರಮವನ್ನು ಸಾರಿ ಹೇಳುತ್ತಿತ್ತು. ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಪರೀಕ್ಷಾ ಕೊಠಡಿಯ ಬೆಂಚುಗಳ ನಡುವೆ ಸಂಚರಿಸುವಂತೆ ನಿಧಾನವಾಗಿ ಹೆಜ್ಜೆಯಿಟ್ಟು, ನಮ್ಮ ಬೆನ್ನ ಹಿಂದೆ ಬಂದು ಸುಮ್ಮನೆ ನಿಂತುಬಿಡುವರು. ನಿಂತರೆ ಸಾಕು, ಏನೂ ಕಾಪಿ ಮಾಡದ ನನ್ನಂಥವನಿಗೂ ಅಂಗೈ ಬೆವರುತ್ತಿತ್ತು. ಬೇಸಿಗೆಯಲ್ಲೂ ಬಿಡದ ಬೂದು ಬಣ್ಣದ ಕೋಟಿನ ಜೇಬಿನಲ್ಲಿ ಇನ್ನೂ ಸೀಮೆಸುಣ್ಣದ ಚೂರುಗಳಿದ್ದವು. ಅದರಲ್ಲಿ ಒಂದನ್ನು ತೆಗೆದು ನೆಲದ ಮೇಲೆ ಒಂದು ಗೆರೆ ಎಳೆದು, ಅದರ ಈಚೆಗೊಂದು ಆಚೆಗೊಂದು ಕುರ್ಚಿಯನ್ನು ಬೆನ್ನಿಗೆ ಬೆನ್ನು ತಾಗುವಂತೆ ಇಟ್ಟು, ಗಂಡಹೆಂಡಿರನ್ನು ಕೂರಿಸಿ ಪ್ರಶ್ನೆ ಕೇಳುವುದು ಅವರ ಪದ್ಧತಿ.

ಕಾನೂನಿನ ದಾರಿಗಳೆಲ್ಲ ಅವರಿಗೆ ಅಂಗೈ ನೆಲ್ಲಿಕಾಯಿ. ಮದುವೆಗೆ ಮೊದಲು ಕರೆಸಿಕೊಳ್ಳುವ ವೀಸಾ ಯಾರಿಗೆ ಸರಿ, ಮದುವೆಯಾಗಿ ಇಲ್ಲಿಂದಲೇ ಅರ್ಜಿ ಹಾಕುವುದು ಯಾರಿಗೆ ಲೇಸು, ಗಡಿಯಾಚೆ ಕುಳಿತು ಕಾಯದೆ ಗತಿಯಿಲ್ಲದವರು ಯಾರು ಎಂಬುದನ್ನು ಎರಡು ಪಾಸ್‌ಪೋರ್ಟು ತಿರುವಿಹಾಕುವಷ್ಟರಲ್ಲಿ ಹೇಳಿಬಿಡುವರು. ತಾರೀಖು, ವಿಳಾಸ, ಪಾಸ್‌ಪೋರ್ಟಿನ ಸಂಖ್ಯೆ, ಇವುಗಳಲ್ಲಿ ಒಂದಕ್ಷರ ಹೆಚ್ಚುಕಡಿಮೆಯಾದರೂ ಅವರಿಗೆ ಸಹನೆಯಿರಲಿಲ್ಲ. ಇಡೀ ಅರ್ಜಿಯನ್ನು ಮೊದಲಿನಿಂದ ಬರೆಸುತ್ತಿದ್ದರು. ಅವರು ತಪ್ಪಿಗೆ ಅಂಕ ಕೊಡುತ್ತಿದ್ದುದು ಬದುಕಿನ ಪ್ರಶ್ನೆಗಳಲ್ಲಿ ಮಾತ್ರ.

ನಾನೂ ನನ್ನ ಹೆಂಡತಿಯೂ ಆ ಮೆಟ್ಟಿಲು ಹತ್ತಿದಾಗ ನಮ್ಮ ಕೈಯಲ್ಲಿದ್ದದ್ದು ಒಂದು ತಿರಸ್ಕಾರದ ಪತ್ರ ಮತ್ತು ನಲವತ್ತು ದಿನ. ಅವಳು ಬೇರೆ ದೇಶದವಳು. ಅಷ್ಟರೊಳಗೆ ಎರಡನೆಯ ಅರ್ಜಿ ಗೆಲ್ಲದಿದ್ದರೆ ಅವಳು ದೇಶ ಬಿಡಬೇಕು, ಬಿಟ್ಟರೆ ಮೂರು ವರ್ಷ ಮರಳಿ ಬರುವಂತಿಲ್ಲ. ಮೊದಲ ಅರ್ಜಿ ಬಿದ್ದುಹೋದದ್ದು ಏಕೆಂಬುದು ನನಗೆ ಅರ್ಥವೇ ಆಗಿರಲಿಲ್ಲ. ನಾನು ಬರೆದು ಬದುಕುವವನು; ದಂಪತಿಗಳಿಬ್ಬರೂ ತಮ್ಮ ಸಂಬಂಧದ ಬಗ್ಗೆ ಒಂದೊಂದು ಹೇಳಿಕೆ ಬರೆದು ಕೊಡಬೇಕೆಂಬ ನಿಯಮ ಕಂಡಾಗ ಆನೆಬಲ ಬಂದಂತಾಗಿ, ನನ್ನದನ್ನು ಹದಿನಾಲ್ಕು ಪುಟ ಬರೆದು, ಅವಳಿಗೆ ನಮ್ಮ ಭಾಷೆ ಇನ್ನೂ ತೊಡಕೆಂದು ಅವಳದನ್ನೂ ನಾನೇ ಹನ್ನೆರಡು ಪುಟ ಬರೆದಿದ್ದೆ. ಇದಕ್ಕಿಂತ ಚೆನ್ನಾಗಿ ನಾನು ಏನನ್ನೂ ಬರೆದಿರಲಿಲ್ಲ.

ಮೇಡಂ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಉತ್ತರಪತ್ರಿಕೆ ತಿದ್ದುವಂತೆ ಓದಿದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು.

"ಏನಮ್ಮಾ, 'ಮುಸ್ಸಂಜೆಯ ಹೊಂಬೆಳಕು' ಅಂತ ಬರೆದಿದ್ದೀಯ. ಹಾಗಂದ್ರೇನು?"

ಅವಳು ನನ್ನ ಮುಖ ನೋಡಿದಳು. "ಗೊತ್ತಿಲ್ಲ ಮೇಡಂ. ಇವರಿಗೆ ಗೊತ್ತು."

"ಇಬ್ಬರು ಹುಡುಗರ ಲೆಕ್ಕ ಸರಿಯಿದ್ರೆ ಇಬ್ರೂ ಓದಿರಬಹುದು. ಇಬ್ಬರದೂ ಒಂದೇ ಥರ ಅಂದವಾಗಿದ್ರೆ ಒಬ್ಬನೇ ಬರೆದಿದ್ದಾನೆ," ಎಂದು ಅವರು ನನ್ನ ಹದಿನಾಲ್ಕು ಪುಟಗಳನ್ನು ಮಡಿಸಿ, ಅಲುಗಾಡುತ್ತಿದ್ದ ಮೇಜಿನ ಕಾಲಿನಡಿಗೆ ತುರುಕಿದರು. ಮೇಜು ಅಲುಗುವುದು ನಿಂತಿತು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೆ ಹೆಂಡತಿ ಮದುವೆಯಾದ ಮೇಲೆ ಅಷ್ಟು ಮನಸಾರೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮರುದಿನದಿಂದ ಬೆನ್ನಿಗೆ ಬೆನ್ನು ಕೊಟ್ಟು ಕೂತೆವು. ಮನೆಯಲ್ಲಿ ಮೊದಲು ಏಳುವವರು ಯಾರು? ನಾನು, ಎಂದೆ ನಾನು. ನಾನು, ಎಂದಳು ಅವಳು. ಭೇಷ್, ತಪ್ಪು! ಮಲಗುವ ಕೋಣೆಯ ಕಿಟಕಿ ತೆರೆದಿರುತ್ತದೆಯೋ ಮುಚ್ಚಿರುತ್ತದೆಯೋ? ಎತ್ತು ಏರಿಗೆ, ಕೋಣ ನೀರಿಗೆ. ಭೇಷ್! ಕೆಳಗೆ ಅಂಗಡಿಯಲ್ಲಿ ಅವರ ಯಜಮಾನರು ಬೀಗದಕೈಗಳಿಗೆ ಅರ ಉಜ್ಜುವ ಕಿರಕಿರ ಸದ್ದು ಮೆಟ್ಟಿಲು ಹತ್ತಿ ಬರುತ್ತಿತ್ತು, ಅದರ ನಡುವೆ ಮೇಡಂ ಕೋಣೆಯ ಉದ್ದಕ್ಕೂ ಓಡಾಡುತ್ತ ಹೇಳುವರು: "ಕಲಿತಿದ್ದು ಇಬ್ಬರಿಗೂ ಒಂದೇ ಥರ ಇರುತ್ತೆ. ಬದುಕಿದ್ದು ಒಬ್ಬೊಬ್ಬರಿಗೆ ಒಂದೊಂದು ಥರ."

ಜಗಳವಾಡದ ದಂಪತಿಗಳ ಫೈಲನ್ನು ಅವರು ಮುಟ್ಟುತ್ತಿರಲಿಲ್ಲವೆಂಬ ಮಾತು ಬೀದಿಯಲ್ಲೆಲ್ಲ ಹಬ್ಬಿತ್ತು, ಅದು ಸುಳ್ಳೂ ಅಲ್ಲ. ನಮಗಿಂತ ಮೊದಲು ಬಂದಿದ್ದ ನರ್ಸೊಬ್ಬಳೂ ಅವಳ ಗಂಡ ಬಸ್ ಡ್ರೈವರನೂ ಮಾತುಮಾತಿಗೆ "ನೀವು ಹೇಳಿ", "ಇಲ್ಲ, ನೀನೇ ಹೇಳು" ಎಂದು ಒಬ್ಬರಿಗೊಬ್ಬರು ದಾರಿಬಿಡುತ್ತಿದ್ದುದನ್ನು ನೋಡಿ ನೋಡಿ ರೋಸಿಹೋದ ಮೇಡಂ, "ಹೋಗಿ, ಇಬ್ಬರೇ ಸೇರಿ ಮನೆಗೆ ಬಣ್ಣ ಬಳೀರಿ. ಮುಗಿದ ಮೇಲೆ ಬನ್ನಿ," ಎಂದು ಅಟ್ಟಿದ್ದರಂತೆ. ನಾಲ್ಕನೆಯ ದಿನ ಇಬ್ಬರೂ ಬಂದರು, ಒಬ್ಬರು ಮೆಟ್ಟಿಲ ಎಡಕ್ಕೆ, ಇನ್ನೊಬ್ಬರು ಬಲಕ್ಕೆ, ಪರಸ್ಪರ ಮಾತಿಲ್ಲದೆ. ಮೇಡಂ ಆ ಕ್ಷಣವೇ ಫೈಲು ತೆರೆದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ನಾನೊಮ್ಮೆ ಗಾದೆ ಎತ್ತಿದಾಗ ಅವರು ಕೊಟ್ಟ ಉತ್ತರ ಇಂದಿಗೂ ನೆನಪಿದೆ: "ಗೊತ್ತು. ಅದಕ್ಕೇ ಉಣ್ಣೋಕೆ ಮುಂಚೆ ಬರೆದಿಟ್ಕೊಳ್ಳಿ."

ಪುರಾವೆಗಳ ವಿಷಯದಲ್ಲೂ ಅಷ್ಟೆ. ನಾವು ಹೊತ್ತು ತಂದಿದ್ದ ಮದುವೆಯ ಆಲ್ಬಮನ್ನು ತೆರೆಯದೆಯೇ ಬದಿಗಿಟ್ಟು, ನಲ್ಲಿ ರಿಪೇರಿಯ ರಸೀದಿ ಕೇಳಿದರು. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಸಾಮಾನಿನ ಚೀಟಿ ಕೇಳಿದರು. ಅದರಲ್ಲಿ ನಾನು ಬರೆದ 'ಸೋಪು' ಎಂಬುದನ್ನು ಹೊಡೆದುಹಾಕಿ ಅವಳು ತನ್ನ ವಕ್ರ ಅಕ್ಷರದಲ್ಲಿ 'ಇದೆ. ನೋಡಿ ಬರೀರಿ' ಎಂದು ಗೀಚಿದ್ದಳು. ಮೇಡಂ ಅದನ್ನು ಬೆಳಕಿಗೆ ಹಿಡಿದು, ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿ ಸೇರಿಸಿ, ಫೈಲಿನ ಮೊದಲ ಪುಟವಾಗಿಸಿದರು. ಅವಳ ಹೇಳಿಕೆಯನ್ನು ಅವಳೇ ಬರೆದಳು, ಒಂದೂವರೆ ಪುಟ, ಅದರಲ್ಲಿ ಇಪ್ಪತ್ತೆಂಟು ಕಾಗುಣಿತದ ತಪ್ಪು. ಒಂದನ್ನೂ ತಿದ್ದಲು ಅವರು ನನಗೆ ಬಿಡಲಿಲ್ಲ.

ಅವರ ಬಳಿ ಶಾಲೆಯ ಕಾಲದ ಒಂದು ಹಾಜರಿ ಪುಸ್ತಕವಿತ್ತು. ಪ್ರತಿ ಜೋಡಿಗೂ ಒಂದು ಸಾಲು: ಎಷ್ಟು ತಪ್ಪು, ಪಾಸೋ ಫೇಲೋ. ಒಂದು ದಿನ ಮೇಡಂ ಝೆರಾಕ್ಸಿಗೆ ಹೋಗಿದ್ದಾಗ ಅದನ್ನು ತಿರುವಿದೆ, ಪುಟಪುಟವೂ ಪಾಸು. ಮೊಟ್ಟಮೊದಲ ಸಾಲಿನಲ್ಲಿ ಮಾತ್ರ, 'ನೂರಹನ್ನೆರಡಕ್ಕೆ ನೂರಹನ್ನೆರಡು ಸರಿ' ಎಂದು ಬರೆದು, ಮುಂದೆ ಕೆಂಪಿನಲ್ಲಿ ಫೇಲು ಎಂದಿತ್ತು. ಟೀ ತಂದ ಯಜಮಾನರು ನಾನು ನೋಡುತ್ತಿದ್ದುದನ್ನು ನೋಡಿ ನಕ್ಕರು.

"ನಮ್ಮದೇ ಅದು. ನಾನೂ ಹೊರದೇಶದವನೇ ಅಲ್ವಾ. ನೂರಹನ್ನೆರಡು ಪ್ರಶ್ನೆಗೂ ಉತ್ತರ ಬಾಯಿಪಾಠ ಮಾಡ್ಸಿದ್ಲು, ಹಲ್ಲುಜ್ಜೋ ಬ್ರಷ್ಷಿನ ಬಣ್ಣ ಸಮೇತ. ಇಬ್ಬರಿಗೂ ನೂರಕ್ಕೆ ನೂರು. ಕಚೇರಿಯವರು ನಾಟಕ ಅಂದ್ರು. ಮೂರು ವರ್ಷ ನನ್ನನ್ನ ಗಡಿಯಾಚೆ ಕೂರಿಸಿದ್ರು."

ಆ ಮೂರು ವರ್ಷ ಅವರಿಬ್ಬರೂ ಕಾಗದ ಬರೆದುಕೊಂಡರು, ಮತ್ತು ಅವುಗಳಲ್ಲಿ ನಲವತ್ತೊಂದು ಕಾಗದಗಳ ಮುಖ್ಯ ವಿಷಯ ಒಂದು ಕಬ್ಬಿಣದ ಟ್ರಂಕಿನ ಬೀಗದಕೈ. ಅದು ನಿಮ್ಮ ಹತ್ತಿರವೇ ಇದೆ ಎಂದು ಮೇಡಂ, ನಿನ್ನ ಕೈಗೇ ಕೊಟ್ಟು ಬಂದೆ ಎಂದು ಯಜಮಾನರು. ಎರಡನೆಯ ಸಲ ಅರ್ಜಿ ಹಾಕುವಾಗ ಬೇರೆ ಪುರಾವೆಯಿಲ್ಲದೆ ಆ ಕಟ್ಟನ್ನೇ ಕೊಟ್ಟರಂತೆ. ಅಧಿಕಾರಿ ಒಂಬತ್ತನೆಯ ಕಾಗದದ ಹೊತ್ತಿಗೆ ನಗಲಾರಂಭಿಸಿ, ಇಪ್ಪತ್ತನೆಯದನ್ನು ಮುಗಿಸುವ ಮೊದಲೇ ಮೊಹರು ಒತ್ತಿದನಂತೆ. ನಮ್ಮ ಸರದಿ ಬರುವ ತನಕ ನಾನು ದಿನವೂ ಕೂತು ಕಾಯುತ್ತಿದ್ದದ್ದು ಆ ಟ್ರಂಕಿನ ಮೇಲೆಯೇ. ಊರಿನ ಬೀಗಗಳಿಗೆಲ್ಲ ಕೈ ಮಾಡಿಕೊಡುವ ಮನುಷ್ಯ ಅದಕ್ಕೆ ಮಾತ್ರ ಇನ್ನೊಂದು ಕೈ ಮಾಡಲಿಲ್ಲ. ಮಾಡಿದರೆ ಕಳೆದದ್ದು ತಾನೆಂದು ಒಪ್ಪಿಕೊಂಡಂತಲ್ಲವೇ! ಮೇಡಂ ಕೇಳಲೂ ಇಲ್ಲ.

ಸಂದರ್ಶನ ಬಂದದ್ದು ಮೂವತ್ತೇಳನೆಯ ದಿನ. ನಮ್ಮನ್ನು ಬೇರೆಬೇರೆ ಕೋಣೆಗೆ ಕಳಿಸಿದರು. ದಪ್ಪ ಕನ್ನಡಕದ ಅಧಿಕಾರಿಣಿ ಮೊದಲು ನನ್ನನ್ನು ಕೇಳಿದರು: "ಹೆಂಡತೀನ ಮೊದಲು ನೋಡಿದ್ದೆಲ್ಲಿ?"

ನಿಜ ಹೇಳುತ್ತೇನೆ, ಹೊಂಬೆಳಕು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳನ್ನು ಕಳೆದುಕೊಳ್ಳುವ ಭಯದಲ್ಲಿ ಮನುಷ್ಯ ತನಗೆ ಬರುವ ವಿದ್ಯೆಯನ್ನೇ ಹಿಡಿದುಕೊಳ್ಳುತ್ತಾನೆ. ಬೆನ್ನ ಹಿಂದೆ ಯಾರೋ ಕೈಕಟ್ಟಿ ನಿಂತಂತಾಯಿತು, ತಿರುಗಿದರೆ ಗೋಡೆ.

"ಮಷಿನ್ನಲ್ಲಿ ಬಟ್ಟೆ ಒಗೆಯೋ ಅಂಗಡೀಲಿ," ಎಂದೆ. "ಅವಳ ಬಟ್ಟೆ ಮಷಿನ್ನಿಂದ ತೆಗೆದು ಕುರ್ಚಿ ಮೇಲಿಟ್ಟು ನನ್ನದು ಹಾಕಿದ್ದೆ. ಬೈದಳು."

ಅವರು ಬರೆದುಕೊಂಡು ಪಕ್ಕದ ಕೋಣೆಗೆ ಹೋದರು. ಬಹಳ ಹೊತ್ತಿನ ಮೇಲೆ ಅವಳನ್ನು ಕರೆದುಕೊಂಡೇ ಬಂದರು. ಅವರ ಮುಖ ಗಂಟಿಕ್ಕಿತ್ತು.

"ಏಳು ಉತ್ತರ ಹೊಂದ್ತಾ ಇಲ್ಲ. ಇದನ್ನಾದ್ರೂ ಹೇಳಿ, ಬಟ್ಟೆ ಇಟ್ಟಿದ್ದು ಕುರ್ಚಿ ಮೇಲೋ, ನೆಲದ ಮೇಲೋ?"

"ಕುರ್ಚಿ," ಎಂದೆ.

"ನೆಲ!" ಎಂದಳು ಅವಳು, ನಮ್ಮ ಭಾಷೆಯ ಎಲ್ಲ ತೊಡಕನ್ನೂ ಒಂದೇ ಉಸಿರಿಗೆ ದಾಟಿ. "ಬಿಳೀ ಟವೆಲಿಗೆ ಕಲೆ ಆಯ್ತು. ಇನ್ನೂ ಹೋಗಿಲ್ಲ. ಮನೇಲಿದೆ, ತಂದು ತೋರಿಸ್ಲಾ? ನಾನು ಬೈಲೂ ಇಲ್ಲ. ಸುಮ್ಮನೆ ನೋಡ್ದೆ ಅಷ್ಟೆ."

"ಸುಮ್ಮನೆ ನೋಡಿದ್ಯಾ? ನಿನ್ನ ಕೂಗಿಗೆ ಅಂಗಡಿಯವನು ಹೊರಗೆ ಬಂದಿದ್ದ!"

ನಾವು ಎಲ್ಲಿದ್ದೇವೆಂಬುದು ನಮಗೆ ಮರೆತೇಹೋಗಿತ್ತು. ನೆನಪಾಗಿ ತಿರುಗಿ ನೋಡಿದಾಗ ಅಧಿಕಾರಿಣಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು, ನಗುವಿನಿಂದ. ಅಪ್ಪಣೆಯ ಪತ್ರದ ಮೇಲೆ ಮೊಹರು ಬಿತ್ತು. ಅವಳು ಆ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಬೀದಿಗಿಳಿದ ಮೇಲೂ, ಅದು ನೆಲ, ಅದು ನೆಲವೇ ಎನ್ನುತ್ತಿದ್ದಳು.

ಬೀಗದ ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆವು. ಮೇಡಂ ಫಲಿತಾಂಶ ಕೇಳಲಿಲ್ಲ.

"ಎಷ್ಟು ತಪ್ಪು?"

"ಏಳು ಮೇಡಂ!"

"ಭೇಷ್!" ಎಂದವರೇ ಪುಸ್ತಕ ತೆರೆದು ನಮ್ಮ ಸಾಲಿಗೆ ಪಾಸು ಬರೆದರು. ಆಮೇಲೆ ಪುಸ್ತಕ ಮುಚ್ಚಿ ನನ್ನ ಕಡೆ ನೋಡಿ, "ನೆಲದ ಮೇಲೇ ಇಟ್ಟಿರ್ತೀರಿ ಬಿಡಿ," ಎಂದರು. ಇದಾಗಿ ಹನ್ನೊಂದು ವರ್ಷವಾಯಿತು. ಕುರ್ಚಿಯೆಂಬುದು ಇಂದಿಗೂ ನನ್ನ ವಾದ.

ಕಚೇರಿಗಳ ಕಿಟಕಿ ಬಾಗಿಲುಗಳ ಮುಂದೆ ಸೋತವರು ಲೋಕದಲ್ಲಿ ಲಕ್ಷಾಂತರ. ಹೆಚ್ಚಿನವರು ಆ ಸೋಲನ್ನು ಯಾರಿಗೂ ಕಾಣದಂತೆ ಮಡಿಸಿ ಒಳಗಿಟ್ಟುಕೊಳ್ಳುತ್ತಾರೆ, ಅದು ತಪ್ಪೂ ಅಲ್ಲ. ಆದರೆ ನಡುನಡುವೆ ಒಬ್ಬರು ಹುಟ್ಟುತ್ತಾರೆ, ತಮ್ಮ ಸೋಲನ್ನು ಪುಸ್ತಕದ ಮೊದಲ ಸಾಲಿನಲ್ಲೇ ಕೆಂಪಕ್ಷರದಲ್ಲಿ ಬರೆದು, ಉಳಿದ ಪುಟಗಳನ್ನೆಲ್ಲ ಪರರ ಗೆಲುವಿಗಾಗಿ ಖಾಲಿ ಬಿಡುವವರು. ಅಂಥವರ ಮನೆಯಲ್ಲಿ ಒಂದು ಟ್ರಂಕು ಹಾಗೆಯೇ ಮುಚ್ಚಿರಬಹುದು, ಅದರೊಳಗೇನಿದೆಯೆಂದು ಅವರಿಗೇ ಮರೆತಿರಬಹುದು. ಈ ಬೆಳಿಗ್ಗೆ ನನ್ನ ಮಲಗುವ ಕೋಣೆಯ ಕಿಟಕಿ ತೆರೆದಿರಬೇಕೋ ಮುಚ್ಚಿರಬೇಕೋ ಎಂದು ನನ್ನೊಡನೆ ವಾದಿಸಲು ನನ್ನವಳು ಇಲ್ಲೇ, ಇದೇ ಮನೆಯಲ್ಲಿ ಇದ್ದಾಳೆ.