ಎಡಗಡೆಯ ಕೂದಲು

ಭಾನುವಾರ ಅಂಗಡಿಗೆ ಬಾಗಿಲು ಹಾಕುವ ಕ್ಷೌರಿಕನನ್ನು ಯಾರಾದರೂ ಕಂಡಿದ್ದೀರಾ? ಅರ್ಧ ಊರಿನ ತಲೆ ಅವನ ಕೈಗೆ ಬರುವುದೇ ಆವತ್ತು. ಅಂಥದ್ದರಲ್ಲಿ ಗಂಡ ಬೆಳಿಗ್ಗೆ ಎದ್ದವನೇ, "ನಡಿಯೇ, ಕಡಲತೀರದ ಪಾರ್ಕುಗಳ ಕಡೆ ಹೋಗಿ ಆರಾಮಾಗಿ ನಡ್ಕೊಂಡು ಬರೋಣ" ಎಂದಾಗ ಅವಳು ಯಾಕೆ ಅಂತಲೂ ಕೇಳದೆ ಹೊರಟುಬಿಟ್ಟಳು. ಅವನಿಗೆ ಹೇಳಬೇಕಾದ ಮಾತೊಂದನ್ನು ಅವಳು ಇನ್ನೂ ಹೇಳಿರಲಿಲ್ಲ. ಅವಳ ಹಳೆಯ ಕಾಯಿಲೆ ಮರಳಿ ಬಂದಿದೆ, ಈ ಸಲ ಮಾಡುವುದಕ್ಕೇನೂ ಉಳಿದಿಲ್ಲ ಎಂದು ಡಾಕ್ಟರು ಹೇಳಿದ್ದರು. ಗಿರಾಕಿಗಳ ಗಲಾಟೆಯಲ್ಲಿ ಅದನ್ನು ಹೇಳುವುದು ಹೇಗೆ? ಸಮುದ್ರದ ಎದುರು ಹೇಳಿಬಿಡೋಣ ಎಂದುಕೊಂಡಳು.

ಅವನು ಬಾಯಿ ಮುಚ್ಚಿದರೆ ತಾನೇ! ಮರಳು ದಾಟಿ, ಗುಡ್ಡದ ಕಾಲುದಾರಿ ಹತ್ತುವವರೆಗೂ ಎದುರು ಬಂದವರ ತಲೆಗಳನ್ನೆಲ್ಲ ವಿಚಾರಿಸಿಕೊಂಡ.

"ಅವನ ಕಿವಿ ಹಿಂದೆ ನೋಡೇ, ಇಲಿ ಕಡಿದ ಹಾಗಿದೆ. ಯಾವ ಪುಣ್ಯಾತ್ಮ ಕತ್ತರಿಸಿದನೋ!"

"ನಿಮ್ಮ ಕೈಚಳಕ ನೋಡ್ಕೊಳ್ಳಿ ಮೊದಲು. ನನ್ನ ಬಲಗಿವಿ ಪೂರ್ತಿ ಕಾಣುತ್ತೆ, ಎಡಗಿವಿ ಇದೆಯೋ ಇಲ್ಲವೋ ಗೊತ್ತಾಗಲ್ಲ. ವಯಸ್ಸಾಯ್ತು ರೀ ನಿಮಗೆ."

ಮದುವೆಯಾದಾಗಿನಿಂದ ಅವಳ ಕೂದಲಿಗೆ ಬೇರೆಯವರ ಕತ್ತರಿ ತಾಗಿರಲಿಲ್ಲ. ಹಿಂದಿನ ಸಲ ಔಷಧಿಗೆ ಕೂದಲು ಉದುರತೊಡಗಿದಾಗ ಅಂಗಡಿಯ ಪರದೆ ಎಳೆದು, ಜೋಕು ಹೊಡೆಯುತ್ತಲೇ ಬೋಳಿಸಿದ್ದವನೂ ಅವನೇ. ಅಂಥವನು ಈ ಮಾತಿಗೆ ಬರೀ ನಕ್ಕು ಮುಂದೆ ನಡೆದ. ಅವಳಿಗೆ ಅದು ವಿಚಿತ್ರ ಅನಿಸಿತು.

ಗುಡ್ಡದ ತುದಿಯ ಬೆಂಚಿನಲ್ಲಿ ಕೂತಾಗ ಜೋರು ಗಾಳಿ ಬೀಸಿತು. ಎಡಗಡೆಯ ಕೂದಲು ಹಾರಿತು. ಅವಳು ಗಾಬರಿಯಿಂದ ಕೈ ಒಯ್ದರೆ, ಅವನ ಕೈ ಮೊದಲೇ ಅಲ್ಲಿತ್ತು. ಹುಡುಕದೆ, ತಡಕಾಡದೆ ಅವನ ಬೆರಳು ಕಿವಿಯ ಹಿಂದಿನ ಗಂಟಿನ ಮೇಲೇ ನಿಂತಿತು.

"ಯಾವಾಗ ಗೊತ್ತಾಯ್ತು?"

"ಹೋದ ಸಲ ಕತ್ತರಿಸುವಾಗ. ಬಾಚಣಿಗೆ ತಡೀತು. ಕನ್ನಡೀಲಿ ನೋಡಿ ನೀನು ಹೆದರಬಾರದು ಅಂತ ಆ ಕಡೆ ಉದ್ದ ಬಿಟ್ಟೆ."

"ನಿಮಗೆ ಕಾಣಬಾರದು ಅಂತ ನಾನೂ ಹಾಗೇ ಬಿಟ್ಕೊಂಡಿದ್ದೆ."

ಅವನು ಎದೆಯುಬ್ಬಿಸಿ ಕೂತ. "ಹೆದರಬೇಡ ಕಣೇ. ಹೋದ ಸಲದ ಹಾಗೇ ಬೋಳಿಸೋಣ, ಮತ್ತೆ ಬೆಳೆಸೋಣ. ಇವತ್ತು ಕರ್ಕೊಂಡು ಬಂದಿದ್ದೂ ಅದನ್ನ ಹೇಳೋಕೇ."

ಅವಳು ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಬೋಳಿಸೋದು ಬೇಕಾಗಲ್ಲ ರೀ. ಈ ಸಲ ಕೂದಲು ಉದುರಲ್ಲ. ಔಷಧೀನೇ ಕೊಡಲ್ವಂತೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಹೆಗಲಿಗೆ ಹಣೆ ಒತ್ತಿ, ದಾರಿಹೋಕರು ತಿರುಗಿ ನೋಡುವ ಹಾಗೆ ಅತ್ತ. ಅವಳೂ ಅತ್ತಳು. ಆಮೇಲೆ ಸೆರಗಿನಿಂದ ಅವನ ಮುಖ ಒರೆಸಿ ಹೇಳಿದಳು:

"ಮನೆಗೆ ಹೋದ್ಮೇಲೆ ಈ ಕಡೇದನ್ನೂ ಸಮ ಮಾಡಿಕೊಡಿ. ಇನ್ನು ಯಾರಿಂದ ಮುಚ್ಚಿಡಬೇಕು?"