ಗುಡ್ಡದ ಹಿಂದಿನ ಗಾಳಿ

ಶಾಹೀನ್ ಐದು ವರ್ಷ ಗುರುಗ್ರಹದ ಮೋಡಗಳ ಮೇಲೆ ಕೆಲಸ ಮಾಡಿದ್ದಳು. ಅಲ್ಲಿನ ಮೋಡದ ಪಟ್ಟೆಗಳಲ್ಲಿ ಸಣ್ಣ ಸುಳಿಗಳು ಹೇಗೆ ಹುಟ್ಟುತ್ತವೆ, ಹೇಗೆ ಒಂದನ್ನೊಂದು ನುಂಗಿ ದೊಡ್ಡದಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಸಂಶೋಧನೆಯಾಗಿತ್ತು. ಚಿತ್ರದುರ್ಗದಲ್ಲಿ ಬೀಗದ ಅಂಗಡಿ ಇಟ್ಟಿದ್ದ ಅವಳ ಅಬ್ಬಾ, ಮಗಳು ಆಕಾಶದ ಗಾಳಿ ಓದುತ್ತಾಳೆಂದು ಬಂದವರಿಗೆಲ್ಲ ಹೇಳುತ್ತಿದ್ದರು. ಓದು ಮುಗಿದ ಮೇಲೆ, ಹೊಸದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರ ನಿಲ್ಲಿಸುತ್ತಿದ್ದ ಕಂಪನಿಯೊಂದು ಅವಳನ್ನು ಕೆಲಸಕ್ಕೆ ಕರೆಯಿತು. ಗುಡ್ಡ ಹತ್ತಿ ಇಳಿಯುವ ಗಾಳಿ ಎಲ್ಲಿ ಒಡೆದು ಸುಳಿಯಾಗುತ್ತದೆ ಎಂದು ಮೊದಲೇ ಹೇಳಬೇಕು. ಗ್ರಹ ಬೇರೆಯಾದರೂ ಗಣಿತ ಹೆಚ್ಚುಕಡಿಮೆ ಅದೇ. ಆದರೆ ಗುರುಗ್ರಹದಲ್ಲಿ ಲೆಕ್ಕ ತಪ್ಪಿದರೆ ಯಾರಿಗೂ ಪೆಟ್ಟಾಗುತ್ತಿರಲಿಲ್ಲ.

ಜೂನ್ ತಿಂಗಳ ಒಂದು ಬೆಳಿಗ್ಗೆ ಗುಡ್ಡದ ಹಿಂಬದಿಯ ಹೊಸ ಕಂಬಕ್ಕೆ ಕೊನೆಯ ರೆಕ್ಕೆ ಏರಿಸುವುದಿತ್ತು. ಗಾಳಿ ಪಡುವಣದಿಂದ ಹದವಾಗಿ ಬೀಸುತ್ತಿತ್ತು. ಶಾಹೀನ್ ತಗಡಿನ ಶೆಡ್ಡಿನಲ್ಲಿ ಕುಳಿತು, ಅದೇ ಗಾಳಿಯನ್ನು ಕೂದಲೆಳೆಯಷ್ಟು ಬದಲಿಸಿ ಬದಲಿಸಿ, ಹತ್ತು ಸಲ ಲೆಕ್ಕ ಓಡಿಸಿದಳು. ಏಳು ಸಲ ಗಾಳಿ ಗುಡ್ಡ ದಾಟಿ ನೆಟ್ಟಗೆ ಹೋಯಿತು. ಮೂರು ಸಲ ಗುಡ್ಡದ ಹಿಂದೆ ಮಗುಚಿ ದೊಡ್ಡ ಸುಳಿಯಾಯಿತು.

ಹಿಂದಿನ ವಾರ ಇಂಥದ್ದೇ ಲೆಕ್ಕ ನೋಡಿ ಅವಳು ಕೆಲಸ ನಿಲ್ಲಿಸಿದ್ದಳು. ಅಂದು ಎಲೆಯೂ ಅಲುಗಲಿಲ್ಲ. ದೊಡ್ಡ ಕ್ರೇನ್ ಇಡೀ ದಿನ ಸುಮ್ಮನೆ ನಿಂತಿದ್ದಕ್ಕೆ ಕೆಲಸದ ಉಸ್ತುವಾರಿ ಮುರುಗಪ್ಪ ಮೇಲಿನವರಿಂದ ಬೈಸಿಕೊಂಡಿದ್ದರು. ಹಾಗಾಗಿ ಈ ಸಲ ಅವಳು ಎದ್ದು ಹೋಗಲಿಲ್ಲ. ಹೊಸ ಅಳತೆಗಳನ್ನು ಹಾಕಿ ಮತ್ತೆ ಹತ್ತು ಸಲ ಓಡಿಸಿದಳು. ಉತ್ತರ ಬರುವಷ್ಟರಲ್ಲಿ ರೆಕ್ಕೆ ನೆಲ ಬಿಟ್ಟಿತ್ತು. ಈಗ ಹತ್ತರಲ್ಲಿ ಆರು ಸಲ ಸುಳಿ ಏಳುತ್ತಿತ್ತು.

ಅವಳು ಓಡಿದಳು.

ಕಂಬದ ತುದಿಯಲ್ಲಿ, ರೆಕ್ಕೆ ಕೂರುವ ಗುಂಬದೊಳಗೆ, ವಸೀಂ ಮತ್ತು ಮಾರುತೇಶ್ ಬೋಲ್ಟು ಹಾಕಲು ಕಾಯುತ್ತಿದ್ದರು. ಅರ್ಧ ಎತ್ತರದಲ್ಲಿ ರೆಕ್ಕೆ ತೂಗುತ್ತಿತ್ತು. ಅದು ತಿರುಗದಂತೆ ಕೆಳಗಿನಿಂದ ಕೆಲವರು ಹಗ್ಗ ಜಗ್ಗಿ ಹಿಡಿದಿದ್ದರು.

“ಮುರುಗಪ್ಪ ಸರ್, ನಿಲ್ಲಿಸ್ರಿ. ಸುಳಿ ಬರೋ ಹಂಗೈತೆ.”

ಮುರುಗಪ್ಪ ಗಾಳಿಯ ಮೀಟರ್ ತೋರಿಸಿದರು. ಮುಳ್ಳು ಅಪಾಯದ ಗೆರೆಗಿಂತ ಕೆಳಗೇ ಇತ್ತು. ಮೀಟರಿನ ಕಂಬ ಇರುವುದು ಗುಡ್ಡದ ಮುಂದೆ, ನಾವಿರುವುದು ಹಿಂದೆ, ಇಲ್ಲಿ ಆಗುವುದು ಅದಕ್ಕೆ ಕಾಣುವುದಿಲ್ಲ ಎಂದು ಅವಳು ವಿವರಿಸಿದಳು. ಖಾತ್ರಿಯೇನು ಎಂದು ಅವರು ಕೇಳಿದರು. ಖಾತ್ರಿ ಇಲ್ಲ, ಆಗುವ ಸಂಭವವೇ ಹೆಚ್ಚು ಎಂದಳು.

ಅವರು ಮೇಲೆ ನೋಡಿದರು. “ಅರ್ಧ ದಾರಿಗೆ ಬಂದೈತೆ ಮೇಡಂ. ಏರ್ಸೋಕೂ ಇಳ್ಸೋಕೂ ಅಷ್ಟೇ ಹೊತ್ತು. ಏರ್ಸಿದ್ರೆ ಬೋಲ್ಟ್ ಹಾಕಿ ಭದ್ರ ಮಾಡ್ಬಹುದು. ಯಾವುದು ಮಾಡ್ಲಿ, ನೀವೇ ಹೇಳ್ರಿ.”

ಅದಕ್ಕೆ ಅವಳಲ್ಲಿ ಲೆಕ್ಕವಿರಲಿಲ್ಲ. ಕಂಬದ ತುದಿ ಮುಟ್ಟುವ ಹೊತ್ತಿಗೇ ಸುಳಿ ಬಂದರೆ ರೆಕ್ಕೆ ಗುಂಬಕ್ಕೆ ಬಡಿಯುತ್ತದೆ, ಒಳಗಿರುವ ಇಬ್ಬರೂ ಉಳಿಯುವುದಿಲ್ಲ. ಅವಳಿಗೆ ಕಂಡದ್ದು ಅದೊಂದೇ.

“ಇಳಿಸ್ರಿ. ಮೇಲಿನೋರನ್ನ ಕಂಬದೊಳಕ್ಕೆ ಬರೋಕೆ ಹೇಳ್ರಿ.”

ಮುರುಗಪ್ಪ ವಾಕಿಟಾಕಿ ಎತ್ತಿದರು. ರೆಕ್ಕೆ ಇಳಿಯತೊಡಗಿತು. ಕ್ರೇನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೀಟರಿನ ಮುಳ್ಳು ಕದಲಲಿಲ್ಲ. ಹಗ್ಗ ಹಿಡಿದವರಲ್ಲೊಬ್ಬ ಅವಳತ್ತ ನೋಡಿ ಪಕ್ಕದವನಿಗೆ ಏನೋ ಹೇಳಿ ನಕ್ಕ. ಮತ್ತೆ ತಪ್ಪಿದೆನೇ ಎಂದು ಅವಳು ಮೀಟರಿನತ್ತ ತಿರುಗಿದಳು. ರೆಕ್ಕೆ ಇನ್ನೇನು ಮರದೆತ್ತರಕ್ಕೆ ಬಂತು ಎನ್ನುವಾಗ ಅವಳು ನೆಲ ನೋಡಿದಳು. ಅಷ್ಟು ಹೊತ್ತು ಮೂಡಣಕ್ಕೆ ಬಾಗಿದ್ದ ಬಾದೆಹುಲ್ಲು ನೆಟ್ಟಗೆ ನಿಂತು, ನಿಧಾನವಾಗಿ ತಿರುಗಿ, ಗುಡ್ಡದ ಕಡೆಗೇ ಮಲಗಿತು. ಕೆಳಗೆ ಗಾಳಿ ಹಿಂದಕ್ಕೆ ಹರಿಯುತ್ತಿತ್ತು.

“ಹಗ್ಗ ಬಿಡ್ರಿ” ಎಂದು ಅವಳು ಕೂಗಿದಳು. “ಎಲ್ರೂ ಬಿಟ್ಟು ಓಡ್ರಿ.”

ಧೂಳು ಗೋಡೆಯಂತೆ ಎದ್ದಿತು. ರೆಕ್ಕೆ ಗಿರ್ರನೆ ತಿರುಗಿ ಅದರ ತುದಿ ಬಂಡೆಗೆ ಬಡಿದು ಸೀಳಿಹೋಯಿತು. ಮಿಕ್ಕವರೆಲ್ಲ ಹಗ್ಗ ಬಿಟ್ಟಿದ್ದರು. ಹೊರಕೆರೆದೇವಪುರದ ಪಾಲಯ್ಯ ಮಾತ್ರ ಹಿಡಿತಕ್ಕೆಂದು ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದ. ಹಗ್ಗ ಅವನನ್ನು ನೆಲದಿಂದೆತ್ತಿ ಕಲ್ಲುಗಳ ಮೇಲೆ ಎಳೆದೊಯ್ದು ಬಿಸಾಡಿತು.

ಗಾಳಿ ಬಂದಷ್ಟೇ ಬೇಗ ನಿಂತಿತು.

ಪಾಲಯ್ಯನ ಜೀವಕ್ಕೆ ಅಪಾಯವಿರಲಿಲ್ಲ. ಭುಜ ಮುರಿದಿತ್ತು, ಮುಂಗೈಯ ಚರ್ಮ ಕಿತ್ತು ಬಂದಿತ್ತು. ಹೊಸದುರ್ಗದ ಆಸ್ಪತ್ರೆಯ ಹೊರಗೆ ಮಾರುತೇಶ್ ಅವಳ ಪಕ್ಕ ಕುಳಿತು, ಒಳಗಿನ ಏಣಿ ಇಳಿಯುತ್ತಿದ್ದಾಗ ಕಂಬ ಹೇಗೆ ತೊನೆಯಿತೆಂದು ಹೇಳಿದ. ಮುರುಗಪ್ಪ ಟೀ ತಂದುಕೊಟ್ಟು, ಏರಿಸಿದ್ದರೆ ಅಷ್ಟು ಹೊತ್ತಿಗೆ ಬೋಲ್ಟು ಬಿಗಿದಾಗಿರುತ್ತಿತ್ತೋ ಏನೋ ಎಂದರು. ದೂರುವ ದನಿಯಲ್ಲ ಅದು. ಅವರಿಗೂ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ಪಾಲಯ್ಯನ ಹೆಂಡತಿ ಶಾಂತಕ್ಕ ಬಂದಾಗ ಶಾಹೀನ್ ಎದ್ದು ನಿಂತಳು.

“ಇಳಿಸ್ರಿ ಅಂದೋಳು ನಾನು, ಶಾಂತಕ್ಕ. ಮೇಲಿದ್ದೋರ ಬಗ್ಗೆ ಯೋಚ್ನೆ ಮಾಡ್ದೆ. ಹಗ್ಗ ಹಿಡ್ದೋರು ನೆನಪಿಗೇ ಬರ್ಲಿಲ್ಲ.”

“ಗಾಳಿ ಹಿಂಗೆ ತಿರುಗಬಹುದು ಅಂತ ಆ ಹಗ್ಗದೋರಿಗೆ ಯಾರಾದ್ರೂ ಹೇಳಿದ್ರೇನವ್ವ?” ಎಂದು ಶಾಂತಕ್ಕ ಕೇಳಿದಳು.

ಯಾರೂ ಹೇಳಿರಲಿಲ್ಲ. ಶಾಹೀನ್ ಇಲ್ಲವೆಂದು ತಲೆಯಾಡಿಸಿದಳು. ಶಾಂತಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಶಾಹೀನ್ ಮತ್ತು ಮುರುಗಪ್ಪ ಜೊತೆಯಾಗಿ ಕಂಪನಿಯ ಮೇಲಿನವರೆದುರು ಕುಳಿತರು. ಗುಡ್ಡದ ಹಿಂದೆಯೂ ಮೀಟರಿನ ಕಂಬ ನಿಲ್ಲುವವರೆಗೆ ರೆಕ್ಕೆ ಏರಿಸುವುದಿಲ್ಲವೆಂದರು. ಜಗಳವಾಯಿತು, ತಡವಾಯಿತು, ಕೊನೆಗೆ ಕಂಬ ನಿಂತಿತು. ಪಾಲಯ್ಯನ ತೋಳು ಭುಜದ ಮೇಲಕ್ಕೆ ಏಳದಾಯಿತು. ಕಂಪನಿ ಅವನಿಗೆ ಗೇಟಿನ ಕೆಲಸ ಕೊಟ್ಟಿತು. ಅದು ಅವನಿಗೆ ಇಷ್ಟವಿರಲಿಲ್ಲ.

ಮಳೆಗಾಲ ಕಳೆದು ಹೊಸ ರೆಕ್ಕೆ ಬಂದ ದಿನ ಶಾಹೀನ್ ಮುರುಗಪ್ಪನವರ ಬಳಿಗಲ್ಲ, ಮೊದಲು ಹಗ್ಗದವರ ಬಳಿಗೆ ಹೋದಳು. ಇವತ್ತು ಹತ್ತರಲ್ಲಿ ಒಂದು ಸಲ ಕೆಡುವ ಸಂಭವವಿದೆ, ಕೈಗೆ ಯಾರೂ ಹಗ್ಗ ಸುತ್ತಿಕೊಳ್ಳಬೇಡಿ, ಬೇಡವೆನಿಸಿದವರು ಹಿಂದೆ ಸರಿಯಬಹುದು ಎಂದಳು. ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಒಬ್ಬ ಹಿಂದೆ ಸರಿದ. ಉಳಿದವರು ಹಗ್ಗ ಎತ್ತಿಕೊಂಡರು. ಮಧ್ಯಾಹ್ನದೊಳಗೆ ರೆಕ್ಕೆ ಕೂತಿತು. ಬೋಲ್ಟು ಬಿಗಿಯಾಯಿತೆಂದು ವಸೀಂ ಮೇಲಿನಿಂದ ಹೇಳಿದಾಗ ಶಾಹೀನ್ ನೀರಿನ ಬಾಟಲಿ ಎತ್ತಿಕೊಂಡು ಹಗ್ಗದವರ ಬಳಿಗೆ ಹೋದಳು. ಮುಚ್ಚಳ ತೆರೆದು ಮೊದಲು ಅವರಿಗೆ ಕೊಟ್ಟಳು.